ಎಂಬತ್ತೇಳರಲ್ಲಿ ಒಂದು ಪಾಲು

ನಡುಮನೆಯ ಮಂಚ ತೆಗೆಸಿ ಹಾಕಿದ ಹಲಗೆ:
ಎಂಟಡಿ ಉದ್ದ, ಮೂರಡಿ ಅಗಲ, ನನ್ನ ಬೀರೂರು.
ಹಳೆಯ ಕೊಡೆಯ ಕಡ್ಡಿ ಹಳಿ,
ಊದುಬತ್ತಿ ಉರಿದು ಉಳಿದ ಕಡ್ಡಿ ಸ್ಲೀಪರು,
ಕೆಟ್ಟ ಟೇಪ್‌ರೆಕಾರ್ಡರಿನ ಮೋಟಾರು
ಇಂಜಿನ್ನಿನ ಹೊಟ್ಟೆಯಲ್ಲಿ.
ಮಾತ್ರೆ ಡಬ್ಬಿಯ ಬಾಯ್ಲರು. ಚಿಮಣಿಗೆ
ಮೊಮ್ಮಗಳ ಪೆನ್ನಿನ ಟೊಪ್ಪಿಗೆ; ಕೇಳಿಯೇ ತಗೊಂಡದ್ದು.

ಎಲ್ಲವೂ ಎಂಬತ್ತೇಳರಲ್ಲಿ ಒಂದು ಪಾಲು.
ಆ ಲೆಕ್ಕಕ್ಕೆ ನಾನು
ಎರಡು ಸೆಂಟಿಮೀಟರಿಗೆ ಒಂದು ಕೂದಲು ಕಡಿಮೆ.
ದಸ್ತಗೀರ್ ಡ್ರೈವರು ಎರಡಕ್ಕೂ ಮೇಲೆ;
ಇಂಜಿನ್ ಹತ್ತುವಾಗ ತಲೆ ತಗ್ಗಿಸುತ್ತಿದ್ದವರು ಅವರೊಬ್ಬರೇ.
ಹಾಗೇ ಮಾಡಿದ್ದೇನೆ, ಬೆಂಕಿಕಡ್ಡಿಯ ಕತ್ತು ಬಗ್ಗಿಸಿ.

ಬೂದಿಗುಂಡಿ, ನೀರಿನ ಕಂಬ, ಅದರ ತೊಗಲ ಸೊಂಡಿಲು.
ನಾಲ್ವರು ಭುಜ ಕೊಟ್ಟರೆ ಮಿಸುಕುತ್ತಿದ್ದ ಟರ್ನ್‌ಟೇಬಲ್
ಈಗ ಕಿರುಬೆರಳಿಗೆ ತಿರುಗುತ್ತದೆ.
ಕಲ್ಲಿದ್ದಲು ಮಾತ್ರ ನಿಜದ್ದು.
ಶೆಡ್ಡು ಕೆಡವಿದ ವರ್ಷ ಚೀಲದಲ್ಲಿ ತಂದಿಟ್ಟದ್ದು,
ಕುಟ್ಟಿ, ಜರಡಿ ಹಿಡಿದು, ಸಾಸಿವೆಗಿಂತ ಸಣ್ಣಗೆ.
ಅದರ ವಾಸನೆಗೆ ಅಳತೆಯಿಲ್ಲ:
ಕುಟ್ಟಿದಷ್ಟೂ ದೊಡ್ಡದಾಗುತ್ತದೆ.

ಮೂವತ್ತೊಂದು ವರ್ಷ ಇಂಜಿನ್ನಿನ ಒಳಗೆ ತೆವಳಿದವನು ನಾನು.
ತೊಳೆಯುವ ದಿನ ಬೆಂಕಿಗೂಡು ಆರಿರುತ್ತಿತ್ತು,
ತಣಿದಿರುತ್ತಿರಲಿಲ್ಲ.
ಗೋಣಿಚೀಲ ಒದ್ದೆ ಮಾಡಿ ಹಾಸಿ, ಅಂಗಾತ ಮಲಗಿ,
ಸುತ್ತಿಗೆಯಲ್ಲಿ ಒಂದೊಂದೇ ಬೋಲ್ಟು ತಟ್ಟುವುದು.
ಗಟ್ಟಿಯಿದ್ದರೆ ಟಣ್. ಬಿರುಕಿದ್ದರೆ ಡಪ್.
ತೆಂಗಿನಕಾಯಿ ಆರಿಸುವವರಿಗೆ ಗೊತ್ತು ಅದು.
ಹೊರಗೆ ಪೌಲ್‌ರಾಜ್ ದೀಪ ಹಿಡಿದು ಕೂಗುತ್ತಿದ್ದ,
‘ಇದೀರಾ ಮೇಸ್ತ್ರಿ?’
ಮಾತಾಡಿದರೆ ಬಾಯಿಗೆ ಬೂದಿ.
ಟಣ್, ಎನ್ನುತ್ತಿದ್ದೆ.

ಹಲಗೆ ಗೋಡೆಗೆ ಮುಗಿಯಿತು. ಅಲ್ಲಿಂದಾಚೆ
ರೈಲು ಎಲ್ಲಿಗೆ ಹೋಗುತ್ತಿತ್ತೋ ನನಗೆ ಗೊತ್ತಿಲ್ಲ.
ಗೊತ್ತು, ಬೋರ್ಡಿನ ಮೇಲೆ ಓದಿದ್ದೆ, ಅಷ್ಟೆ.
ಅಡುಗೆಮನೆ ಬಾಗಿಲಲ್ಲಿ ಕೈ ಒರೆಸುತ್ತ ಓಂಕಾರಮ್ಮ ಅಂದಳು:
‘ಇಲ್ಲೇ ನಿಂತರೆ ನಾನು ಬರೋದು ಹ್ಯಾಗೆ?’

ನಲವತ್ತಾರು ವರ್ಷದ ಹಿಂದೆ ತರೀಕೆರೆಯಿಂದ
ಈ ಹಳಿಯ ಮೇಲೇ ಬಂದಳು, ಕಿಟಕಿಯಾಚೆ ತಲೆ ಹಾಕಿಕೊಂಡು.
ಧಾರೆ ಸೀರೆಯಲ್ಲಿ ಕಿಡಿ ಸುಟ್ಟ ತೂತು, ಎಡಗಣ್ಣಲ್ಲಿ ಮಸಿ.
ಕಣ್ಣೀರಿಟ್ಟದ್ದಕ್ಕೆ ತವರು ನೆನೆದಳೆಂದು
ಜನ ಸಮಾಧಾನ ಮಾಡಿದರು.
ಸೆರಗಿನ ತುದಿ ಉಂಡೆ ಮಾಡಿ, ಬಿಸಿ ಊದಿ, ನಾನು ತೆಗೆದೆ.
ಮಸಿ ಗುರುತಿಸುವುದು ನನ್ನ ಕಸುಬು.

ಗೋಡೆಗೆ ತೂತು ಕೊರೆದೆ.
ಬಾಡಿಗೆ ಮನೆ; ಮಾಲೀಕರಿಗೆ ಹೇಳಿಲ್ಲ.
ಆಚೆ ಬದಿ, ಹುಣಸೆ ಜಾಡಿಗೂ ಉಪ್ಪಿನ ಮರಿಗೆಗೂ ನಡುವೆ ತರೀಕೆರೆ.
ಅಲ್ಲಿ ನಾನು ಮೇಸ್ತ್ರಿಯಲ್ಲ, ಕೈಯಾಳು.
ಬೆಂಚು ಈ ಕಡೆ, ಅನ್ನುತ್ತಾಳೆ.
ಕಡಲೆಪುರಿಯವನ ಬುಟ್ಟಿಗೆ ಕಾಲಿತ್ತು, ಮೂರು.
ಸ್ಟೇಷನ್ ಮಾಸ್ತರರ ಹಸು ಸದಾ ಎರಡನೇ ಲೈನಲ್ಲಿ.
‘ಚಿಕ್ಕ ರೈಲು ಎಲ್ಲಿ?’
ಯಾವ ಚಿಕ್ಕ ರೈಲು?
‘ನರಸಿಂಹರಾಜಪುರದ್ದು ರೀ. ಪಕ್ಕದಲ್ಲೇ ನಿಲ್ತಿತ್ತು, ಎರಡಡಿ ಹಳಿ.
ನಾವು ಹುಡುಗೀರು ಅದರ ಜೊತೆ ಓಡಿ ಗೆಲ್ತಿದ್ವಿ.’

ಎರಡಡಿ ಎಂದರೆ ಏಳೇ ಮಿಲಿಮೀಟರು.
ಕನ್ನಡಕ ಒರೆಸಿಕೊಂಡೆ.
ಅಷ್ಟು ಸಣ್ಣ ಹಳಿ ಎಲ್ಲೂ ಸಿಗಲ್ಲ ಕಣೆ.
ಅವಳು ತುರುಬಿಗೆ ಕೈ ಹಾಕಿ
ಎರಡು ಹೇರ್‌ಪಿನ್ನು ತೆಗೆದು ಹಲಗೆಯ ಮೇಲಿಟ್ಟಳು.
ಬಿಚ್ಚಿ ಬಿದ್ದ ಕೂದಲು ಕಟ್ಟಿಕೊಳ್ಳದೆ
ನಾನು ನೆಟ್ಟಗೆ ಮಾಡುವುದನ್ನೇ ನೋಡುತ್ತ ನಿಂತಳು.

ರಾತ್ರಿ ಎಂಟೂಮುಕ್ಕಾಲಿಗೆ ಗಾಡಿ ಬಿಡುತ್ತೇನೆ.
ತೂತು ಹೊಕ್ಕ ಮೇಲೆ ನನಗೆ ಕಾಣುವುದಿಲ್ಲ.
ಮೂರಕ್ಕೊಮ್ಮೆ ಹಳಿ ತಪ್ಪುತ್ತದೆ,
ಗೋಡೆಯೊಳಗೆ ಒಂದು ಇಟ್ಟಿಗೆ ನೇರವಿಲ್ಲ.
ಸದ್ದು ನಿಂತರೆ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾಯುತ್ತೇನೆ.
ಆ ಕಡೆಯಿಂದ, ಸೌಟಿನಲ್ಲಿ ಹಿತ್ತಾಳೆ ತಪ್ಪಲೆಗೆ ಒಂದು ಪೆಟ್ಟು:
ಟಣ್.
ಬಂತು.
ಹಸು ಅಡ್ಡ ಇತ್ತಂತೆ.